ಪಾಠದಲ್ಲಿ ಕಳ್ಳತೂಕ

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಆ ವಿದ್ಯೆಯನ್ನೇ ಸಂಜೆಯ ಸರಕಾಗಿಸಿದ ಮನೆಪಾಠದ ಪದ್ಧತಿಯನ್ನು ಶ್ರಾವಕಸಮಾಜವು ಮೌನವಾಗಿ ಒಪ್ಪಿರುವುದು ವಿಷಾದಕರ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವನ್ನು, ಅಂದರೆ ಅಳತೆ-ತೂಕಗಳ ಮೋಸವನ್ನು, ಎಣಿಸಿದೆ. ಅಂಗಡಿಯ ತಕ್ಕಡಿಗೆ ಸಲ್ಲುವ ನಿಯಮವು ಶಾಲೆಯ ಕರಿಹಲಗೆಗೆ ಸಲ್ಲದೇ? ಎಲ್ಲ ಶಿಕ್ಷಕರೂ ಹೀಗಲ್ಲ, ನಿಜ. ಆದರೆ ಹಗಲು ಸಂಬಳಕ್ಕೆ ಅರೆಪಾಠ, ಸಂಜೆ ಶುಲ್ಕಕ್ಕೆ ಪೂರ್ಣಪಾಠ ಹೇಳುವುದು ಕಳ್ಳತೂಕವೇ ಸರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ಶಾಲಾ ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸಿದೆ. ರಾಜ್ಯನಿಯಮದ ಉಲ್ಲಂಘನೆಯೂ ಅದೇ ಸೂತ್ರದಲ್ಲಿ ಅತಿಚಾರವೇ. ಶುಲ್ಕ ತೆರುವ ಪೋಷಕರೂ ಇದರಲ್ಲಿ ಭಾಗಿಗಳು.

“ಹಿಂದುಳಿದ ಮಗುವಿಗೆ ಹೆಚ್ಚಿನ ಪಾಠ ಬೇಡವೇ?” ಎನ್ನುವರು. ಬೇಕು, ಆದರೆ ಅದು ದೊರೆಯುತ್ತಿರುವುದು ಯಾರಿಗೆ? ಕೊಪ್ಪ, ಶೃಂಗೇರಿಗಳಲ್ಲಿ ಮನೆಗಳು ತೋಟಗಳ ನಡುವೆ ಚದುರಿವೆ. ಸಂಜೆಯ ಬಸ್ಸು ಹಿಡಿಯಲೇಬೇಕಾದ ಕೂಲಿಕಾರರ ಮಗುವಿಗೆ ಹಣವೂ ಇಲ್ಲ, ಹೊತ್ತೂ ಇಲ್ಲ.

ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಕ್ಷೇತ್ರವಿರುವ, ಶೃಂಗೇರಿಯಲ್ಲಿ ಪಾರ್ಶ್ವನಾಥ ಬಸದಿಯಿರುವ ಈ ಸೀಮೆಯಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ಉತ್ಸವದ ವೆಚ್ಚದ ಒಂದಂಶವನ್ನು ತೆಗೆದಿರಿಸಿ, ರಜಾದಿನಗಳಲ್ಲಿ ಜಾತಿಭೇದವಿಲ್ಲದೆ ಎಲ್ಲ ಮಕ್ಕಳಿಗೂ ಉಚಿತ ಪಾಠವನ್ನು ಏರ್ಪಡಿಸಲಿ. ನಿವೃತ್ತ ಶಿಕ್ಷಕರನ್ನು ಗೌರವಧನವಿತ್ತು ಕರೆಯಲಿ. ಮುಂದಿನ ವರ್ಷದ ಆಯವ್ಯಯದಲ್ಲಿ ಶಾಸ್ತ್ರದಾನಕ್ಕೊಂದು ಬಾಬು ಕಾಣದಿದ್ದರೆ, ಸದಸ್ಯರು ಮಹಾಸಭೆಯಲ್ಲಿ ಎದ್ದು ಕಾರಣ ಕೇಳಬೇಕು.