ಚರ್ಚೆಯ ರಾತ್ರಿ ತೆರೆಯುವ ಹುಂಡಿ

2024ರ ಸೆಪ್ಟೆಂಬರ್ 10ರ ರಾತ್ರಿ ಒಂಬತ್ತಕ್ಕೆ ಫಿಲಡೆಲ್ಫಿಯಾದ ವೇದಿಕೆಯಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರಾದಾಗ ಬೆಂಗಳೂರಿನಲ್ಲಿ ಮರುದಿನದ ಬೆಳಗಿನ ಆರೂವರೆ. ಕಾಫಿ ಲೋಟ ಹಿಡಿದು ನೇರ ಪ್ರಸಾರ ನೋಡಿದ ನಮ್ಮವರಿಗೆ ಅದೊಂದು ಸ್ವಾರಸ್ಯಕರ ವಾಗ್ಯುದ್ಧ. ಯಾರ ಮಾತು ನಾಟಿತು, ಯಾರು ತಾಳ್ಮೆ ಕಳೆದುಕೊಂಡರು ಎಂದು ಕಚೇರಿಯ ಹರಟೆಯಲ್ಲಿ ಮೆಲುಕು ಹಾಕುವುದರೊಂದಿಗೆ ಅದು ಮುಗಿಯಿತು. ಅಮೆರಿಕದ ಬೆಂಬಲಿಗರ ಪಾಲಿಗೆ ಅದು ಅಷ್ಟಕ್ಕೇ ಮುಗಿಯುವ ವಿಷಯವಲ್ಲ. ಟಿ.ವಿ.ಯ ಮುಂದೆ ಕುಳಿತವರ ಕೈಯಲ್ಲಿ ಮೊಬೈಲ್ ಇತ್ತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು 6 ಲಕ್ಷ ಮಂದಿ ಹ್ಯಾರಿಸ್ ಅವರ ಪ್ರಚಾರಕ್ಕೆ 4.7 ಕೋಟಿ ಡಾಲರ್ ಕಳುಹಿಸಿದರು. ಎಂಟು ವಾರಗಳ ನಂತರ ಹ್ಯಾರಿಸ್ ಸೋತರು.

ಹಣ ಸುರಿದರೂ ಗೆಲ್ಲಲಿಲ್ಲ ಎಂದು ಮೂದಲಿಸುವುದು ಸುಲಭ. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಚರ್ಚೆ ಮುಗಿಯುವ ಮುನ್ನವೇ ಹರಿದುಬರುವ ಈ ಹಣ ಅಭ್ಯರ್ಥಿಗೆ ಏನನ್ನು ಹೇಳುತ್ತದೆ? ಕೊಟ್ಟವನ ಮಾತು ಯಾರಿಗಾದರೂ ಕೇಳಿಸುತ್ತದೆಯೆ?

ಹಿಂದೆ ಹೀಗಿರಲಿಲ್ಲ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ಕೆನಡಿ ಮತ್ತು ನಿಕ್ಸನ್ ನಡುವೆ ಮೊದಲ ದೂರದರ್ಶನ ಚರ್ಚೆ ನಡೆದಾಗ ನೋಡಿದವರು ಆರೂವರೆ ಕೋಟಿಗೂ ಹೆಚ್ಚು. ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರದ ನಿಕ್ಸನ್ ಕಳೆಗುಂದಿದ್ದರು, ಬೆವರುತ್ತಿದ್ದರು. (ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್ನರೇ ಗೆದ್ದಂತೆ ಕಂಡಿತೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ; ಅದಕ್ಕಿರುವ ಆಧಾರ ತೀರ ತೆಳುವಾದದ್ದು.) ಆ ರಾತ್ರಿ ಉಬ್ಬಿದ ಅಥವಾ ಕುಗ್ಗಿದ ಬೆಂಬಲಿಗನೊಬ್ಬ ಹಣ ಕೊಡಬೇಕೆಂದರೆ ಚೆಕ್ ಬರೆಯಬೇಕು, ವಿಳಾಸ ಹುಡುಕಬೇಕು, ಅಂಚೆಚೀಟಿ ಅಂಟಿಸಬೇಕು. ಅಷ್ಟರಲ್ಲಿ ಬಿಸಿ ಆರಿರುತ್ತಿತ್ತು. ಮುಂದಿನ ಹದಿನಾರು ವರ್ಷ ಇಂಥ ಚರ್ಚೆಗಳೇ ನಡೆಯಲಿಲ್ಲ. 1976ರಲ್ಲಿ ಅವು ಮರಳಿದಾಗ, ವಾಟರ್‌ಗೇಟ್ ಹಗರಣದ ಬಳಿಕ ಬಂದ 1974ರ ಕಾನೂನಿನಂತೆ ಫೋರ್ಡ್ ಮತ್ತು ಕಾರ್ಟರ್ ಇಬ್ಬರೂ ಅಂತಿಮ ಸುತ್ತಿಗೆ ಸರ್ಕಾರದ ಹಣವನ್ನೇ ನೆಚ್ಚಿದ್ದರು. ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲವೆಂದು ಫೋರ್ಡ್ ಬಾಯಿತಪ್ಪಿದಾಗ ಕಳವಳಗೊಂಡ ಬೆಂಬಲಿಗನಿಗೆ ಆ ಪ್ರಚಾರಕ್ಕೆ ನೇರವಾಗಿ ಹಣ ಕೊಡುವ ದಾರಿಯೇ ಇರಲಿಲ್ಲ.

ಈ ದಾರಿಯನ್ನು ತೆರೆದವರಲ್ಲಿ ಜಾನ್ ಮೆಕೇನ್ ಒಬ್ಬರು ಎಂಬುದು ಚರಿತ್ರೆಯ ವಿಪರ್ಯಾಸ. 2000ದ ಫೆಬ್ರುವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಗೆದ್ದ ಎರಡೇ ದಿನಗಳಲ್ಲಿ ಅವರಿಗೆ ಅಂತರ್ಜಾಲದ ಮೂಲಕ 10 ಲಕ್ಷ ಡಾಲರಿಗೂ ಹೆಚ್ಚು ಬಂದಿತು. ಎಂಟು ವರ್ಷಗಳ ಬಳಿಕ ಅದೇ ಮೆಕೇನ್ ಸರ್ಕಾರದ 8.4 ಕೋಟಿ ಡಾಲರ್ ಸ್ವೀಕರಿಸಿ, ಅದರ ಮಿತಿಗೆ ಕಟ್ಟುಬಿದ್ದು ಒಬಾಮ ಎದುರು ನಿಂತರು. ಸರ್ಕಾರದ ಹಣ ಬೇಡವೆಂದಿದ್ದ ಒಬಾಮ 2008ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ 15 ಕೋಟಿ ಡಾಲರ್ ಸಂಗ್ರಹಿಸಿದರು. ಸಾರಾ ಪೇಲಿನ್ ಪಕ್ಷದ ಅಧಿವೇಶನದಲ್ಲಿ ಮಾಡಿದ ಭಾಷಣವೊಂದೇ ಒಂದು ದಿನದಲ್ಲಿ ಒಬಾಮರಿಗೆ ಸುಮಾರು 1 ಕೋಟಿ ಡಾಲರ್ ತಂದುಕೊಟ್ಟಿತು. ಎದುರಾಳಿಯ ಮಾತಿಗೆ ಬೆಚ್ಚಿದವರೂ ಕೊಡುತ್ತಾರೆ ಎಂಬ ಪಾಠವನ್ನು ಪ್ರಚಾರ ತಂತ್ರಜ್ಞರು ಮರೆಯಲಿಲ್ಲ. 2012ರಲ್ಲಿ ಡೆನ್ವರ್ ಚರ್ಚೆಯಲ್ಲಿ ಒಬಾಮರನ್ನು ಮಂಕಾಗಿಸಿದ ರಾಮ್ನಿಗೆ ಎರಡು ದಿನಗಳಲ್ಲಿ 1.2 ಕೋಟಿ ಡಾಲರ್ ಬಂದಿತು. ಚುನಾವಣೆ ಮಾತ್ರ ಒಲಿಯಲಿಲ್ಲ.

ಈ ಎಲ್ಲ ಪ್ರಸಂಗಗಳಿಗಿಂತ ಹೆಚ್ಚು ಯೋಚಿಸಬೇಕಾದದ್ದು 2024ರ ಜೂನ್ 27ರ ರಾತ್ರಿ. ಅಟ್ಲಾಂಟಾದಲ್ಲಿ ಜೋ ಬೈಡನ್ ತೊಂಬತ್ತು ನಿಮಿಷ ತಡವರಿಸಿದ್ದನ್ನು ಐದು ಕೋಟಿ ಜನ ಕಂಡರು. ಅವರ ಪಕ್ಷದವರೇ ತಲೆಯ ಮೇಲೆ ಕೈಹೊತ್ತು ಕುಳಿತರು. ಆದರೆ ಪ್ರಚಾರ ಸಮಿತಿಯಿಂದ ಬಂದ ಸುದ್ದಿ ಬೇರೆ: ಚರ್ಚೆ ಮುಗಿದ ನಂತರದ ರಾತ್ರಿ ಹನ್ನೊಂದರಿಂದ ಹನ್ನೆರಡರ ಅವಧಿ, ಜನಸಾಮಾನ್ಯರ ವಂತಿಗೆಯ ಮಟ್ಟಿಗೆ, ಪ್ರಚಾರ ಆರಂಭವಾದಂದಿನಿಂದ ಅತ್ಯುತ್ತಮ ಗಳಿಗೆಯಾಗಿತ್ತು! ವಾರಾಂತ್ಯ ಕಳೆಯುವಷ್ಟರಲ್ಲಿ ಒಟ್ಟು 3.3 ಕೋಟಿ ಡಾಲರ್ ಸೇರಿತ್ತು. ಜನ ನಮ್ಮ ಜತೆಗಿದ್ದಾರೆ, ಗಾಬರಿ ಬೇಡ ಎಂಬುದಕ್ಕೆ ಆ ಅಂಕಿಯನ್ನೇ ಸಾಕ್ಷಿಯಾಗಿ ಮುಂದಿಡಲಾಯಿತು.

ಅಂದು ರಾತ್ರಿ ಇಪ್ಪತ್ತೈದು ಡಾಲರ್ ಕಳುಹಿಸಿದ ನಿವೃತ್ತ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಅವರು ಆ ಹಣ ಕೊಟ್ಟದ್ದು ಬೈಡನ್ ಚೆನ್ನಾಗಿ ಮಾತನಾಡಿದರೆಂದೇ? ಖಂಡಿತ ಅಲ್ಲ. ಟ್ರಂಪ್ ಮರಳಿ ಬರುತ್ತಾರೆಂಬ ಭಯ, ಕಣ್ಣೆದುರು ಕುಸಿಯುತ್ತಿರುವ ಹಿರಿಯನ ಮೇಲಿನ ಮರುಕ, ಏನಾದರೂ ಮಾಡಲೇಬೇಕೆಂಬ ತಳಮಳ ಇವೆಲ್ಲ ಆ ಇಪ್ಪತ್ತೈದು ಡಾಲರಿನಲ್ಲಿದ್ದವು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ನಮ್ಮ ತಾಯಂದಿರು ಮುಡಿಪು ಕಟ್ಟಿಡುವುದಿಲ್ಲವೆ, ಹಾಗೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಭಯಕ್ಕೊಂದು ಕಾಲಂ, ಮೆಚ್ಚುಗೆಗೊಂದು ಕಾಲಂ ಇರುವುದಿಲ್ಲ. ಎಲ್ಲವೂ ಬೆಂಬಲವೆಂದೇ ಜಮೆಯಾಗುತ್ತದೆ.

ಅದೇ ದಿನಗಳಲ್ಲಿ ದೊಡ್ಡ ದಾನಿಗಳು ಮಾಡಿದ್ದು ಇದಕ್ಕೆ ತದ್ವಿರುದ್ಧ. ಅವರು ಕೈ ಬಿಗಿಹಿಡಿದರು. ಅಭ್ಯರ್ಥಿ ಬದಲಾಗದ ಹೊರತು ಹಣವಿಲ್ಲವೆಂದು ಕೆಲವರು ಬಹಿರಂಗವಾಗಿ, ಹಲವರು ದೂರವಾಣಿಯಲ್ಲಿ ಹೇಳಿದರು. ಬೈಡನ್ ಕಣದಿಂದ ಹಿಂದೆ ಸರಿದದ್ದು ಜುಲೈ 21ರಂದು, ಚರ್ಚೆ ನಡೆದ ಇಪ್ಪತ್ತನಾಲ್ಕನೇ ದಿನ. ಪಕ್ಷದ ನಾಯಕರ ಒತ್ತಡ, ಸಮೀಕ್ಷೆಗಳು, ಪತ್ರಿಕೆಗಳ ಸಂಪಾದಕೀಯಗಳು, ಕಾರಣಗಳು ಹಲವು. ಆದರೂ ಹಣದ ಮಟ್ಟಿಗೆ ಹೇಳುವುದಾದರೆ, ಕೊಟ್ಟ ಲಕ್ಷಾಂತರ ಜನರಿಗಿಂತ ಕೊಡದೆ ತಡೆದ ಕೆಲವೇ ಮಂದಿಯ ಮಾತು ನಡೆಯಿತು. ಸಣ್ಣ ದಾನಿಗಳ ಪೈಕಿಯೂ ಸುಮ್ಮನೆ ತಡೆದವರಿದ್ದರು. ಹ್ಯಾರಿಸ್ ಮುಂದೆ ಬಂದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ 8.88 ಲಕ್ಷ ಜನ ಕೊಟ್ಟರು, 8.1 ಕೋಟಿ ಡಾಲರ್ ಬಂದಿತು. ಕೊಟ್ಟವರಲ್ಲಿ ಶೇ 60ರಷ್ಟು ಮಂದಿ ಆ ಚುನಾವಣೆಗೆ ಅಲ್ಲಿಯವರೆಗೆ ಒಂದು ಡಾಲರನ್ನೂ ಕೊಟ್ಟಿರಲಿಲ್ಲ. ಸಿರಿವಂತನೊಬ್ಬ ಮೌನವಾದರೆ ಅದು ಮುಖಪುಟದ ಸುದ್ದಿ, ಇಷ್ಟು ಜನರ ಮೌನ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಆದ್ದರಿಂದಲೇ ನನ್ನ ಅಭಿಪ್ರಾಯವಿಷ್ಟು: ಚರ್ಚೆಯ ರಾತ್ರಿಯೇ ಕೊಡುವ ಬೆಂಬಲಿಗ ತನ್ನ ಕೈಯಲ್ಲಿರುವ ಒಂದೇ ಹಿಡಿತವನ್ನು ಬಿಟ್ಟುಕೊಡುತ್ತಾನೆ. ವಾರ ಕಳೆದು ಕೊಟ್ಟರೂ ಆ ಇಪ್ಪತ್ತೈದು ಡಾಲರಿನ ಬೆಲೆ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಮರುದಿನದ ಸುದ್ದಿಗೆ ಬೇಕಾದ ಅಂಕಿ ಮಾತ್ರ. ಇಪ್ಪತ್ತನಾಲ್ಕು ಗಂಟೆಗಳ ಸಂಗ್ರಹವನ್ನು ಸಾರುವ ಈ ಪದ್ಧತಿಯನ್ನು ಕಾನೂನು ಬೇಡುವುದಿಲ್ಲ, ಬೇಡುವುದು ಪ್ರಚಾರದ ತುರ್ತು.

ಇದರ ಫಲವಾಗಿ ಚರ್ಚೆಯ ಸ್ವರೂಪವೇ ಬದಲಾಗಿದೆ. 2019ರಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಮೊದಲ ಸುತ್ತಿನ ಚರ್ಚೆಗಳಿಗೆ ಒಂದು ನಿಯಮ ಮಾಡಿತು: ಸಮೀಕ್ಷೆಗಳಲ್ಲಿ ಶೇ 1ರ ಬೆಂಬಲ ತೋರಿಸಿ, ಇಲ್ಲವೇ 65 ಸಾವಿರ ದಾನಿಗಳನ್ನು ತೋರಿಸಿ. ಉದ್ದೇಶ ಒಳ್ಳೆಯದೇ, ಹಣವಂತರ ಬದಲು ಜನಸಾಮಾನ್ಯರು ಆರಿಸಲಿ ಎಂಬುದು. ಆದರೆ ಒಂದೊಂದು ಡಾಲರಿನ ದಾನಿಯನ್ನು ಹಿಡಿಯಲು ಹಲವು ಪಟ್ಟು ಖರ್ಚು ಮಾಡುವ ಪೈಪೋಟಿ ಹುಟ್ಟಿತು. ಜಾನ್ ಡೆಲೇನಿ ಎಂಬ ಅಭ್ಯರ್ಥಿ, ತಮಗೆ ಹಣ ಕೊಟ್ಟ ಪ್ರತಿಯೊಬ್ಬ ಹೊಸ ದಾನಿಯ ಲೆಕ್ಕದಲ್ಲಿ ಎರಡು ಡಾಲರನ್ನು ಧರ್ಮಕಾರ್ಯಕ್ಕೆ ಕೊಡುವುದಾಗಿ ಸಾರಿದರು. ಹ್ಯಾರಿಸ್ ಅದೇ ಜೂನ್‌ನಲ್ಲಿ ಮಯಾಮಿಯ ವೇದಿಕೆಯಲ್ಲಿ ಬೈಡನ್ ಅವರನ್ನು ಶಾಲಾ ಬಸ್ಸಿನ ಹಳೆಯ ವಿವಾದದ ಮೇಲೆ ತರಾಟೆಗೆ ತೆಗೆದುಕೊಂಡಾಗ ಒಂದು ದಿನದಲ್ಲಿ 20 ಲಕ್ಷ ಡಾಲರ್ ಬಂದಿತು. ಅವರಾಡಿದ ವಾಕ್ಯ ಕೆಲವೇ ಗಂಟೆಗಳಲ್ಲಿ ಟಿ-ಷರ್ಟಿನ ಮೇಲೆ ಮಾರಾಟಕ್ಕಿತ್ತು. ಡಿಸೆಂಬರ್ 3ರಂದು, ಹಣವಿಲ್ಲವೆಂಬ ಕಾರಣ ನೀಡಿ, ಅವರು ಸ್ಪರ್ಧೆಯಿಂದ ಹಿಂದೆ ಸರಿದರು. 2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಟ್ರಂಪ್ ಪದೇ ಪದೇ ಅಡ್ಡಬಾಯಿ ಹಾಕಿದಾಗ ಬೈಡನ್ ಬಾಯಿ ಮುಚ್ಚಯ್ಯ ಎಂದು ಗದರಿದರು. ಅಂದು ರಾತ್ರಿ ಹತ್ತರಿಂದ ಹನ್ನೊಂದರೊಳಗೆ 38 ಲಕ್ಷ ಡಾಲರ್ ಜಮೆ, ಆ ಮಾತಿಗೂ ಟಿ-ಷರ್ಟು. ಅತ್ತಲೋ ಇತ್ತಲೋ ಎಂದು ತೂಗುತ್ತಿರುವ ಮತದಾರನಿಗಾಗಿ ಹುಟ್ಟಿದ ವೇದಿಕೆಯಲ್ಲಿ ಈಗ ನಿರ್ಧಾರವಾಗಿಹೋದ ಭಕ್ತರಿಗಾಗಿ ಸಂಭಾಷಣೆ ಸಿದ್ಧವಾಗುತ್ತದೆ. ಆರೋಗ್ಯ ವಿಮೆಯ ಬಗ್ಗೆ ಎರಡು ನಿಮಿಷ ತಾಳ್ಮೆಯಿಂದ ವಿವರಿಸಿದವನಿಗೆ ಯಾರು ಮಧ್ಯರಾತ್ರಿ ಹಣ ಕಳುಹಿಸುತ್ತಾರೆ?

ಬೆಂಬಲಿಗರ ಆವೇಶವನ್ನು ನೇರವಾಗಿ ದೋಚಿದ್ದೂ ಉಂಟು. 2020ರಲ್ಲಿ ಟ್ರಂಪ್ ಪ್ರಚಾರದ ದೇಣಿಗೆ ಪುಟದಲ್ಲಿ, ಪ್ರತಿ ವಾರವೂ ಇಷ್ಟೇ ಹಣ ಕಡಿತವಾಗಲಿ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತಿದ್ದರು. ಗಮನಿಸದೆ ಒತ್ತಿದವರ ಖಾತೆ ಬರಿದಾಯಿತು. ಆ ವರ್ಷ ಟ್ರಂಪ್ ಪ್ರಚಾರ ಸಮಿತಿ, ಪಕ್ಷ ಮತ್ತು ಜಂಟಿ ಖಾತೆಗಳು ಸೇರಿ 12 ಕೋಟಿಗೂ ಹೆಚ್ಚು ಡಾಲರನ್ನು ಮರಳಿಸಬೇಕಾಯಿತೆಂದು 2021ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಇಂಥ ಗುರುತನ್ನು ನಿಷೇಧಿಸುವಂತೆ ಚುನಾವಣಾ ಆಯೋಗ ಮರುತಿಂಗಳೇ ಸಂಸತ್ತಿಗೆ ಸರ್ವಾನುಮತದಿಂದ ಶಿಫಾರಸು ಮಾಡಿತು. ಇನ್ನು ಕೊನೆಯ ಗಡುವು, ಇನ್ನೊಂದೇ ತಾಸು ಎಂದು ಹೆದರಿಸುವ ಸಂದೇಶಗಳ ವಿಷಯದಲ್ಲಿ ಎರಡು ಪಕ್ಷಗಳಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ.

ಇಷ್ಟೆಲ್ಲ ಹೇಳಿದರೂ ಸಣ್ಣ ದಾನಿಯನ್ನು ಹೀಗಳೆಯಲು ಮನಸ್ಸು ಒಪ್ಪುವುದಿಲ್ಲ. ಅವನಿಲ್ಲದ ಜಾಗವನ್ನು ತುಂಬುವವರು ಯಾರೆಂದು ನೋಡಿ. 2024ರಲ್ಲಿ ಇಲಾನ್ ಮಸ್ಕ್ ಒಬ್ಬರೇ ಟ್ರಂಪ್ ಗೆಲುವಿಗಾಗಿ 25 ಕೋಟಿ ಡಾಲರಿಗೂ ಹೆಚ್ಚು ವ್ಯಯಿಸಿದರು. ಸೆಪ್ಟೆಂಬರಿನ ಆ ಚರ್ಚೆಯ ಬಳಿಕ ಆರು ಲಕ್ಷ ಮಂದಿ ಕೂಡಿಸಿದ್ದು ಅದರ ಐದನೇ ಒಂದು ಭಾಗವೂ ಆಗುವುದಿಲ್ಲ. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಕನ್ನಡಿಗರ ಸ್ಥಿತಿಯನ್ನೂ ನೆನೆಯಬೇಕು. ಎಚ್-1ಬಿ ವೀಸಾದವರಿಗೆ ಮತವೂ ಇಲ್ಲ, ವಂತಿಗೆ ಕೊಡುವುದೂ ನಿಷಿದ್ಧ. ಗ್ರೀನ್ ಕಾರ್ಡ್ ಪಡೆದವರು ಮತ ಹಾಕುವಂತಿಲ್ಲ, ಹಣ ಮಾತ್ರ ಕೊಡಬಹುದು. ತೆರಿಗೆ ಕಟ್ಟಿಕೊಂಡು ವರ್ಷಗಟ್ಟಲೆ ಪೌರತ್ವಕ್ಕೆ ಕಾಯುವವರಿಗೆ ಆ ಐವತ್ತು ಡಾಲರ್ ಒಂದು ಬಗೆಯ ಮತಪತ್ರ.

ನಮ್ಮಲ್ಲಿ ಇದರ ತಲೆಕೆಳಗಾದ ಚಿತ್ರ. ಇಲ್ಲಿ ಕೊಡುವವನು ಅಭ್ಯರ್ಥಿ, ಪಡೆಯುವವನು ಮತದಾರ. ದೊಡ್ಡ ದಾನಿಗಳ ಹೆಸರು ಮರೆಮಾಚಿದ್ದ ಚುನಾವಣಾ ಬಾಂಡುಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2024ರ ಫೆಬ್ರುವರಿ 15ರಂದು. ಹೀಗಿದ್ದರೂ ಬೆಂಬಲಿಗರಿಂದ ಕೂಡಿಸುವ ಹಣ ನಮಗೆ ಅಪರಿಚಿತವೇನಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಲೆನಾಡಿನಲ್ಲಿ ಒಂದು ವೋಟಿನ ಜತೆಗೆ ಒಂದು ನೋಟನ್ನೂ ಕೇಳುತ್ತಿದ್ದರೆಂಬುದನ್ನು ಆ ತಲೆಮಾರಿನವರು ನೆನೆಯುತ್ತಾರೆ. ಆ ನೋಟು ಕೈಯಿಂದ ಕೈಗೆ ಸಲ್ಲುತ್ತಿತ್ತು. ಕೊಟ್ಟವನು ಎದುರಿಗೇ ನಿಂತು ಗೇಣಿಯ ಬಗ್ಗೆ, ಬಗರ್‌ಹುಕುಂ ಜಮೀನಿನ ಬಗ್ಗೆ ಕೇಳಬಹುದಿತ್ತು, ಮುಂದಿನ ಸಲ ಊರಿಗೆ ಬಂದಾಗ ಮತ್ತೆ ಕೇಳಬಹುದಿತ್ತು. ಚರ್ಚೆಯ ರಾತ್ರಿ ಮೊಬೈಲಿನಲ್ಲಿ ಹಣ ಕೊಟ್ಟವನಿಗೆ ಒಂದು ಧನ್ಯವಾದದ ಸಂದೇಶ ಬರುತ್ತದೆ. ಅದರ ಕೆಳಗೆ ಮತ್ತೊಮ್ಮೆ ಕೊಡಲು ಒಂದು ಗುಂಡಿ ಇರುತ್ತದೆ.