ಮೂಕಪ್ರಾಣಿಯ ಕವಚ

ಚಿತ್ರಕಥೆಗಳನ್ನು ಓದುವ ಮಕ್ಕಳು ಬಹುಬೇಗನೆ ಚಿತ್ರಕಥೆಗಳನ್ನು ಬರೆಯುವ ಮಕ್ಕಳಾಗುವರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಮನೆಗಳಲ್ಲಿ ಶಾಲೆಯ ವಹಿಯ ಕೊನೆಯ ಪುಟವನ್ನು ತೆಗೆದು ನೋಡಿದರೆ, ಮಂಗಳಗ್ರಹದ ಮೇಲೆ ಕಾದಾಡುವ ಎತ್ತು, ಆಕಾಶನೌಕೆಯನ್ನು ನಡೆಯಿಸುವ ನಾಯಿ, ಬೆಂಕಿಯುಗುಳುವ ಯಂತ್ರವನ್ನು ಹೊತ್ತ ಆನೆ ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಇವುಗಳಿಗೆಲ್ಲ ಮೈತುಂಬ ಕವಚಗಳಿರುವವು. "ಅಭ್ಯಾಸವನ್ನು ಬಿಟ್ಟು ಇದೇನು ಹುಚ್ಚು?" ಎಂದು ಹಿರಿಯರು ವಹಿಯನ್ನು ಕಸಿದುಕೊಳ್ಳುವ ಮೊದಲು ನಮ್ಮ ನಾಲ್ಕು ಮಾತುಗಳನ್ನು ಲಾಲಿಸಬೇಕೆಂದು ಬೇಡಿಕೊಳ್ಳುವೆವು. ಪ್ರಾಣಿಗೆ ಕವಚವನ್ನು ಕಲ್ಪಿಸುವದು ಹುಡುಗಾಟಿಕೆಯಂತೆ ತೋರಿದರೂ ಅದೂ ಒಂದು ವಿದ್ಯೆಯೇ. ಅದನ್ನು ಸರಿಯಾಗಿ ಕಲಿತ ಮಗುವು ಮಾತು ಬಾರದ ಜೀವದ ಮೈಯನ್ನು ಓದಲು ಕಲಿತಂತಾಗುವದು.

ಪ್ರಾಣಿಗಳನ್ನು ಕಥಾನಾಯಕರನ್ನಾಗಿ ಮಾಡುವದು ನಮ್ಮವರಿಗೆ ಹೊಸದಲ್ಲ. ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥಾ ಮಾಲೆಯಲ್ಲಿಯೂ ಪಂಚತಂತ್ರದ ಪ್ರಾಣಿಗಳು ಬಣ್ಣಬಣ್ಣದ ಚಿತ್ರಗಳಾಗಿ ಬಂದವು. ಆ ಪಂಚತಂತ್ರದ ಮೊದಲ ಕಥೆಯು ಎಲ್ಲಿಂದ ಹೊರಡುವದೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ವರ್ತಕನ ಗಾಡಿಗೆ ಹೂಡಿದ ಎತ್ತು ದಾರಿಯಲ್ಲಿ ಕಾಲು ಮುರಿದು ಬೀಳುವದು. ಯಜಮಾನನು ಅದನ್ನು ಅಡವಿಯಲ್ಲಿಯೇ ಬಿಟ್ಟು ಮುಂದೆ ಸಾಗುವನು. ಸಿಂಹಕ್ಕೂ ಎತ್ತಿಗೂ ಆದ ಸ್ನೇಹ, ನರಿಗಳು ತಂದ ಭೇದ, ಇವೆಲ್ಲವುಗಳ ಬೇರು ಹೇರಿನ ಭಾರಕ್ಕೆ ಕುಸಿದ ಒಂದು ಎತ್ತಿನಲ್ಲಿದೆ.

ಇನ್ನು ಕವಚದ ಮಾತು. ಯುದ್ಧಕ್ಕೆ ಹೊರಟ ಪ್ರಾಣಿಗಳನ್ನು ಸಿಂಗರಿಸುವದರಲ್ಲಿ ಕನ್ನಡನಾಡು ಹಿಂದೆ ಬಿದ್ದಿರಲಿಲ್ಲ. ಪೋರ್ತುಗೀಸ ಪ್ರವಾಸಿಯಾದ ಡೊಮಿಂಗೊ ಪಾಯೆಸನು 1520ರ ಸುಮಾರಿಗೆ ವಿಜಯನಗರದಲ್ಲಿದ್ದು, ಕೃಷ್ಣದೇವರಾಯನ ಸೈನ್ಯವನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಕುದುರೆಗಳ ಹಣೆಗೆ ಬೆಳ್ಳಿಯ ಇಲ್ಲವೆ ಚಿನ್ನದ ಮುಲಾಮಿನ ಫಲಕಗಳಿದ್ದವು. ಆನೆಗಳ ತಲೆಯ ಮೇಲೆ ರಾಕ್ಷಸರ ಹಾಗೂ ದೊಡ್ಡ ಮೃಗಗಳ ಮುಖಗಳನ್ನು ಬರೆದಿದ್ದರು. ಸವಾರರ ಅಂಗಿಗಳಾದರೋ ಗಟ್ಟಿಯಾದ ಹಸಿದೊಗಲನ್ನು ಪದರುಪದರಾಗಿ ಕೂಡಿಸಿ, ಕಬ್ಬಿಣದ ತಗಡುಗಳನ್ನು ಸೇರಿಸಿ ಮಾಡಿದವು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲಾಗಿ ಸಾಗುವ ಆನೆಕುದುರೆಗಳನ್ನು ಇಂದಿಗೂ ನೋಡಬಹುದು. ಚಿತ್ರ ಬರೆಯುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಯಾವದು?

ಭಾರತದ ಆನೆಯೊಂದರ ಕವಚವು ಇಂಗ್ಲಂಡದ ಲೀಡ್ಸ್ ಪಟ್ಟಣದ ಆಯುಧ ಸಂಗ್ರಹಾಲಯದಲ್ಲಿದೆ. ಅದು ಸುಮಾರು 400 ವರ್ಷ ಹಳೆಯದು. ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಪತ್ನಿಯು ಅದನ್ನು 1801ರಲ್ಲಿ ಆ ದೇಶಕ್ಕೆ ಒಯ್ದಳು. ಉಳಿದಿರುವ ಭಾಗದಲ್ಲಿ 5,840 ಸಣ್ಣ ಉಕ್ಕಿನ ತಗಡುಗಳಿದ್ದು, ತೂಕವು 118 ಕಿಲೋಗ್ರಾಮ್. ಪೂರ್ಣವಾಗಿದ್ದಾಗ 8,439 ತಗಡುಗಳೂ 159 ಕಿಲೋಗ್ರಾಮ್ ತೂಕವೂ ಇದ್ದವೆಂದು ಲೆಕ್ಕಹಾಕಿದ್ದಾರೆ. ಒಂದೇ ದೊಡ್ಡ ತಗಡನ್ನು ಬಡಿದು ಹೊದಿಸದೆ, ಇಷ್ಟು ಸಾವಿರ ತುಣುಕುಗಳನ್ನು ಉಂಗುರಗಳಿಂದ ಹೆಣೆದ ಕಾರಣವೇನು? ಆನೆಯು ನಡೆಯಬೇಕು, ತಿರುಗಬೇಕು, ಉಸಿರಾಡುವಾಗ ಅದರ ಪಕ್ಕೆಗಳು ಏರಿಳಿಯಬೇಕು. ಬಾಗದ ಕವಚವು ಕವಚವಲ್ಲ, ಪಂಜರ. ಸಹ್ಯಾದ್ರಿಯ ಕಾಡುಗಳ ಚಿಪ್ಪುಹಂದಿಗೆ ಸೃಷ್ಟಿಯೇ ಕೊಟ್ಟ ಕವಚವೂ ಹೀಗೆಯೇ ಒಂದರ ಮೇಲೊಂದು ಹೊದ್ದ ಚಿಪ್ಪುಗಳಿಂದಾದದ್ದು. ಅದಕ್ಕೆಂದೇ ಆ ಪ್ರಾಣಿಯು ಚೆಂಡಿನಂತೆ ಸುತ್ತಿಕೊಳ್ಳಬಲ್ಲದು.

ಈ ಅಂಕಿಗಳಿಂದ ಮಕ್ಕಳು ಒಂದು ಸಣ್ಣ ಲೆಕ್ಕವನ್ನೂ ಮಾಡಬಹುದು. ಆನೆಯ ತೂಕವನ್ನು 4,000 ಕಿಲೋಗ್ರಾಮ್ ಎಂದು ಹಿಡಿದರೆ, ಕವಚವು ಅದರ ಮೈತೂಕದ ಇಪ್ಪತ್ತೈದನೆಯ ಒಂದು ಪಾಲು ಮಾತ್ರ. ಅದೇ ಪ್ರಮಾಣದಲ್ಲಿ 400 ಕಿಲೋಗ್ರಾಮಿನ ಎತ್ತಿಗೆ 16 ಕಿಲೋಗ್ರಾಮ್, 25 ಕಿಲೋಗ್ರಾಮಿನ ಮುಧೋಳ ನಾಯಿಗೆ ಒಂದೇ ಕಿಲೋಗ್ರಾಮ್! ಎರಡು ತೋಪು, ಮೂರು ಕತ್ತಿ, ಒಂದು ಯಂತ್ರವನ್ನು ನಾಯಿಯ ಬೆನ್ನಿಗೆ ಕಟ್ಟಿದ ಚಿತ್ರಕಾರನು ಈ ಲೆಕ್ಕವನ್ನು ಮಾಡಿ ನೋಡಲಿ. "ನಮ್ಮ ಕಥೆ ಚಂದ್ರನ ಮೇಲೆ ನಡೆಯುವದು, ಅಲ್ಲಿ ಭಾರವೇ ಇಲ್ಲ" ಎಂದು ಚುರುಕಾದ ಮಗುವು ಉತ್ತರ ಕೊಟ್ಟೀತು. ಚಂದ್ರನ ಮೇಲೆ ತೂಕವು ಆರನೆಯ ಒಂದು ಪಾಲಾಗುವದು ನಿಜ. ಆದರೆ ಓಡುತ್ತಿರುವ ಮೈಯನ್ನು ನಿಲ್ಲಿಸುವ, ತಿರುಗಿಸುವ ಕಷ್ಟವು ಅಲ್ಲಿಯೂ ಕಡಿಮೆಯಾಗದು.

ತೂಕಕ್ಕಿಂತಲೂ ಮುಖ್ಯವಾದವು ಉಸಿರು ಮತ್ತು ಸೆಕೆ. ಕುದುರೆಯು ಮೂಗಿನಿಂದ ಮಾತ್ರ ಉಸಿರಾಡುವದು, ಬಾಯಿಯಿಂದ ಆಡಲಾರದು. ಅದರ ಹೊಳ್ಳೆಗಳನ್ನು ಮುಚ್ಚಿದ ಮುಖಕವಚವು ಅದರ ಕೊರಳಿಗೆ ಹಾಕಿದ ಉರುಲೇ ಆಗುವದು. ನಾಯಿಗೆ ಅಂಗಾಲುಗಳನ್ನು ಬಿಟ್ಟರೆ ಬೆವರುವ ಚರ್ಮವಿಲ್ಲ. ನಾಲಿಗೆಯನ್ನು ಹೊರಚಾಚಿ ಏದುತ್ತ ತನ್ನ ಮೈಯನ್ನು ತಂಪುಮಾಡಿಕೊಳ್ಳುವದು. ಅದರ ಬಾಯಿಗೆ ಬಿಗಿಯಾದ ಕಬ್ಬಿಣವನ್ನು ತೊಡಿಸಬಾರದು. ಆನೆಯ ಮೊರದಂಥ ಕಿವಿಗಳೇ ಅದರ ಬೀಸಣಿಗೆಗಳು. ಅವು ಬಯಲಿಗೇ ಇರಬೇಕು.

ಇದು ಬರಿಯ ಚಿತ್ರದ ಮಾತಾಗಿದ್ದರೆ ನಾವು ಇಷ್ಟು ಬೆಳೆಸುತ್ತಿರಲಿಲ್ಲ. 1957ನೆಯ ನವೆಂಬರ 3ರಂದು ರಶಿಯದವರು ಲೈಕಾ ಎಂಬ ಬೀದಿಯ ನಾಯಿಯೊಂದನ್ನು ಸ್ಪುಟ್ನಿಕ್-2 ಎಂಬ ನೌಕೆಯಲ್ಲಿ ಆಕಾಶಕ್ಕೆ ಕಳುಹಿದರು. ಮರಳಿ ಕರೆತರುವ ಉಪಾಯವು ಮೊದಲೇ ಇರಲಿಲ್ಲ. ಅದು ಕೆಲವು ದಿನ ಬದುಕಿತ್ತೆಂದೇ ಲೋಕವು ಬಹುಕಾಲ ನಂಬಿತ್ತು. ನೌಕೆಯೊಳಗಿನ ಸೆಕೆಯನ್ನು ತಡೆಯಲಾರದೆ ಕೆಲವೇ ತಾಸುಗಳಲ್ಲಿ ಅದು ಸತ್ತಿತೆಂಬ ನಿಜವು ಹೊರಬಿದ್ದದ್ದು 2002ರಲ್ಲಿ. ಲೋಹದ ಹೊದಿಕೆ, ಅಳತೆಯ ಪಟ್ಟಿಗಳು, ಯಂತ್ರಗಳು ಎಲ್ಲವೂ ಇದ್ದವು; ತಂಪು ಮಾತ್ರ ಇರಲಿಲ್ಲ. ವಿಜ್ಞಾನದ ಕಥೆಯನ್ನು ಬರೆಯಲು ಹೊರಟ ಮಗುವಿಗೆ ಈ ಕಥೆಯನ್ನು ಮರೆಮಾಚದೆ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

ಕವಚದ ವಸ್ತುವನ್ನು ಹುಡುಕಲು ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಕೊಲ್ಲಾಪುರಿ ಎಂದು ಹೆಸರಾದ ಚಪ್ಪಲಿಗಳು ಅಥಣಿಯ ಸುತ್ತಮುತ್ತ ಮನೆಮನೆಗಳಲ್ಲಿ ತಯಾರಾಗುವವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು. ಪದರಿನ ಮೇಲೆ ಪದರು. ಮೊಳೆಯಿಲ್ಲ, ತೊಗಲಿನ ದಾರದಿಂದಲೇ ಹೊಲಿಗೆ. ಗಟ್ಟಿಯೂ ಆಗಿರಬೇಕು, ಕಾಲಿನೊಡನೆ ಬಾಗಲೂ ಬೇಕು. ಇದೇ ಅಲ್ಲವೇ ಕವಚದ ಗುಟ್ಟು! ಈ ಕೆಲಸವನ್ನು ತಲೆತಲಾಂತರದಿಂದ ನಡೆಯಿಸಿಕೊಂಡು ಬಂದವರನ್ನು ಸಮಾಜವು ದೂರವಿಟ್ಟಿತು, ಅವರ ಜಾಣ್ಮೆಯನ್ನು ಮಾತ್ರ ಕಾಲಿಗೆ ಮೆಟ್ಟಿಕೊಂಡಿತು. ಮಗುವನ್ನು ಅಂಥ ಒಬ್ಬ ಹಿರಿಯರ ಬಳಿಗೆ ಕರೆದೊಯ್ದು, "ಅಜ್ಜಾ, ಎತ್ತಿಗೆ ಎದೆಗಾಪು ಮಾಡುವದಾದರೆ ಹೊಲಿಗೆ ಎಲ್ಲಿ ಬರಬೇಕು?" ಎಂದು ವಿನಯದಿಂದ ಕೇಳಿಸಿರಿ. ಯಾವ ಗ್ರಂಥದಲ್ಲಿಯೂ ಸಿಗದ ಉತ್ತರವು ಅಲ್ಲಿ ಸಿಕ್ಕೀತು.

ಒಕ್ಕಲಿಗರ ಅಂಗಳದಲ್ಲಿಯೂ ಕವಚಗಳಿವೆ. ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆಯ ಕೋಡಣಸು, ಬೆನ್ನಿನ ಝೂಲು, ಕಾಲಿನ ಲಾಳ ಇವುಗಳನ್ನು ಮಗುವು ಕೈಯಿಂದ ಮುಟ್ಟಿ ನೋಡಲಿ. ಕುದುರೆಗೆ ಕಾಲಿಗೊಂದೇ ಲಾಳವಾದರೆ ಎತ್ತಿಗೆ ಎರಡು ತುಣುಕುಗಳೇಕೆ? ಎತ್ತಿನ ಗೊರಸು ಸೀಳಿದ್ದು. ನಡೆಯುವಾಗ ಎರಡು ಭಾಗಗಳೂ ಬೇರೆಬೇರೆಯಾಗಿ ಅಲುಗುವವು. ಮೈಯನ್ನು ನೋಡಿಯೇ ಕಮ್ಮಾರನು ಕಬ್ಬಿಣವನ್ನು ಬಡಿದನು.

ನಮ್ಮ ಮಾತಿನ ತಿರುಳು ಇಲ್ಲಿಯೇ ಇದೆ. ಕಬ್ಬಿನ ಹಂಗಾಮಿನಲ್ಲಿ ಉಗಾರ ಮೊದಲಾದ ಊರುಗಳ ಸಕ್ಕರೆ ಕಾರಖಾನೆಗಳ ದಾರಿಯಲ್ಲಿ ಕಬ್ಬನ್ನು ಹೇರಿದ ಎತ್ತಿನ ಗಾಡಿಗಳನ್ನು ನಾವೆಲ್ಲರೂ ನೋಡಿರುವೆವು. ನೊಗವು ಒರಟಾಗಿದ್ದರೆ, ಜೋಡಿಯ ಎತ್ತುಗಳು ಸರಿಸಮವಾಗಿರದಿದ್ದರೆ, ಹೇರಿನ ಭಾರವು ಅಚ್ಚಿನ ಮೇಲೆ ನಿಲ್ಲದೆ ಮುಂದಕ್ಕೆ ಬಾಗಿದ್ದರೆ, ಎತ್ತಿನ ಹೆಗಲು ಬಾತು, ತೊಗಲು ಸುಲಿದು, ಗಾಯವಾಗುವದು. ಹಾಗೆ ಗಾಯಗೊಂಡು ದುಡಿಯಲಾರದ ಪ್ರಾಣಿಯನ್ನು ದುಡಿಸುವದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯಂತೆ ಅಪರಾಧವು. ಆದರೆ ಕಾಯಿದೆಗಿಂತ ಮೊದಲು ಕಣ್ಣು ಬೇಕು. ಗಾಡಿಕಾರನು ಸಹ ಸಾಲದ ನೊಗವನ್ನು ಹೊತ್ತವನೇ. ಅವನನ್ನು ಬಯ್ಯುವದರಿಂದ ಹೆಗಲು ಮಾಯದು. ನೊಗವನ್ನು ನುಣುಪಾಗಿಸಿ ಮೆತ್ತೆ ಕಟ್ಟುವದು, ಹೇರನ್ನು ಸಮತೂಕಗೊಳಿಸುವದು, ಗಾಯ ಮಾಯುವ ತನಕ ಎತ್ತಿಗೆ ವಿಶ್ರಾಂತಿ ಕೊಡುವದು, ಇವು ಮನಸ್ಸಿಟ್ಟರೆ ಆಗುವ ಕೆಲಸಗಳು. ವಿಶ್ರಾಂತಿಯ ದಿನಗಳ ಕೂಲಿಯ ಚಿಂತೆಯನ್ನು ಕಬ್ಬಿನ ಧನಿಗಳೂ ಹಂಚಿಕೊಳ್ಳಬೇಕು.

ಮನುಷ್ಯರ ಜಗಳಗಳಲ್ಲಿ ಪ್ರಾಣಿಗೆ ಪಾಲಿಲ್ಲ. ಕವಚವನ್ನು ಅದು ಬೇಡಲೂ ಇಲ್ಲ. ನಮ್ಮ ಕೆಲಸಕ್ಕೆ ಅದನ್ನು ಹೂಡಿದ ಮೇಲೆ, ಅದರ ಮೈಗೆ ನೋವಾಗದಂತೆ ನೋಡಿಕೊಳ್ಳುವದು ನಮ್ಮ ಮೇಲಿನ ಋಣ. ಆದುದರಿಂದ ತಾಯಂದಿರೇ, ನಿಮ್ಮ ಮಗುವು ಎತ್ತಿನ ವೀರನ ಚಿತ್ರವನ್ನು ತಂದು ತೋರಿಸಿದಾಗ ಚೆನ್ನಾಗಿದೆಯೆಂದು ಹೊಗಳಿರಿ, ಹೊಗಳಿದ ಮೇಲೆ ಒಂದೇ ಪ್ರಶ್ನೆಯನ್ನು ಕೇಳಿರಿ: "ಇದು ಅದಕ್ಕೆ ಎಲ್ಲಿ ಒತ್ತುವದು?" ಉತ್ತರವನ್ನು ಹುಡುಕಲು ಮಗುವು ಕೊಟ್ಟಿಗೆಯ ಕಡೆಗೆ ನಡೆದರೆ, ಆ ಚಿತ್ರಕಥೆಯು ಮುಗಿಯುವ ಮೊದಲೇ ಸಾರ್ಥಕವಾದಂತೆ.