ಕುಡಿತ ಬಿಟ್ಟವನ ತಟ್ಟೆಯಲ್ಲಿ ಏನಿದೆ?

ಕೂಟದಲ್ಲಿ ಒಬ್ಬ ಸಹೋದರನು ಎದ್ದು ನಿಂತು ‘ಇಂದಿನಿಂದ ಕುಡಿಯುವುದಿಲ್ಲ’ ಎಂದರೆ ಬುದ್ಧಿ ಹೇಳುವವರು ಹತ್ತು ಜನ ಇರುತ್ತಾರೆ. ಮರುದಿನ ಅವನು ಹೊಟ್ಟೆಗೆ ಏನು ತಿಂದನೆಂದು ಕೇಳುವವರು ಅಪರೂಪ. ಅದನ್ನೇ ಮೊದಲು ಕೇಳಬೇಕೆಂದು ನಾವು ಹೇಳುತ್ತೇವೆ.

ಬಹುಕಾಲ ಕುಡಿದವನು ಹಸಿದವನು. ಬ್ರಾಂದಿ ಹಸಿವನ್ನು ಕೊಲ್ಲುತ್ತದೆ, ಪುಷ್ಟಿ ಕೊಡುವುದಿಲ್ಲ. ತಿಂದ ಅಲ್ಪಸ್ವಲ್ಪದಲ್ಲಿರುವ ಬಿ-1 ಜೀವಸತ್ವವನ್ನೂ ಕರುಳು ಸರಿಯಾಗಿ ಹೀರಿಕೊಳ್ಳದಂತೆ ಮಾಡುತ್ತದೆ. ಈ ಜೀವಸತ್ವದ ದಾಸ್ತಾನು ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ಬಾರದು. ಅದಿಲ್ಲದೆ ಮಿದುಳು ಸಕ್ಕರೆಯನ್ನು ಸರಿಯಾಗಿ ಬಳಸಿಕೊಳ್ಳಲಾರದು. ಸಿಡುಕು, ಮಂಕು, ಮರೆವು ಕಾಣಿಸಿಕೊಳ್ಳುತ್ತವೆ. ಇವನ್ನೆಲ್ಲ ಅವನ ಗುಣವೆಂದು ನಾವು ಬೈಯುತ್ತೇವೆ.

ಇನ್ನೂ ಕೆಟ್ಟದ್ದಿದೆ. ಕಣ್ಣಿನ ಗುಡ್ಡೆಗಳು ನೆಟ್ಟಗೆ ಚಲಿಸವು, ನಡಿಗೆ ತೂರಾಡುತ್ತದೆ, ಮಾತು ಗಲಿಬಿಲಿಯಾಗುತ್ತದೆ. ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಲೈನಿನಲ್ಲಿ ಇದನ್ನು ನೋಡಿದವರು ಏನನ್ನುತ್ತಾರೆ? ‘ಕದ್ದು ಕುಡಿದಿದ್ದಾನೆ.’ ಒಂದು ಹನಿ ಮುಟ್ಟದವನೂ ಹೀಗೆ ತೂರಾಡಬಹುದು. ಇದಕ್ಕೆ ಊಟ ಸಾಲದು, ತಡಮಾಡದೆ ಆಸ್ಪತ್ರೆಯಲ್ಲಿ ಬಿ-1 ಸೂಜಿ ಬೇಕು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಪ್ರಾಣವೂ ಹೋಗಬಹುದು. ಬಿ-1 ಕೊಡದೆ ಬರೀ ಗ್ಲೂಕೋಸ್ ಬಾಟ್ಲಿ ಏರಿಸಿದರೆ ಕಾಯಿಲೆ ಹೆಚ್ಚುವ ಅಪಾಯವುಂಟು. ಆದ್ದರಿಂದ ತಾಯಂದಿರೇ, ಮರ್ಯಾದೆಗೆ ಅಂಜಿ ಡಾಕ್ಟರ ಮುಂದೆ ಮುಚ್ಚಿಡಬೇಡಿ. ‘ಇವರು ಇಷ್ಟು ವರ್ಷ ಕುಡಿದರು, ಊಟ ಬಿಟ್ಟಿದ್ದರು’ ಎಂದು ಬಾಯಿಬಿಟ್ಟು ಹೇಳಿ. ದಿನವೂ ಬಹಳ ಕುಡಿಯುವವನು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು. ಅಂಥವನು ಬಿಡುವ ಮೊದಲೇ ಡಾಕ್ಟರನ್ನು ಕಾಣಬೇಕು.

ಇನ್ನು ಅಡಿಗೆಯ ಮಾತು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಬಿ-1 ಅತಿ ಕಡಿಮೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ವೈದ್ಯರು ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋತದ್ದನ್ನೂ ತೌಡಿರುವ ಅಕ್ಕಿಯಿಂದ ಅವು ಚೇತರಿಸಿಕೊಂಡದ್ದನ್ನೂ ಕಂಡರು. ನಮ್ಮ ಹಿರಿಯರ ರಾಗಿ ಮುದ್ದೆ, ಹುರುಳಿ ಸಾರು ಬಡವರ ಊಟವೆಂದು ಮಕ್ಕಳು ಮೂಗು ಮುರಿಯುತ್ತಾರೆ. ಸುಧಾರಿಸಿಕೊಳ್ಳುವವನಿಗೆ ಅದಕ್ಕಿಂತ ಒಳ್ಳೆಯದು ನಮಗೆ ತೋರದು. ಕುಚ್ಚಲಕ್ಕಿಯೂ ಒಳ್ಳೆಯದು, ಭತ್ತ ಬೇಯಿಸುವಾಗ ತೌಡಿನ ಸತ್ವ ಅಕ್ಕಿಯೊಳಗೆ ಇಳಿದಿರುತ್ತದೆ. ಅಕ್ಕಿಯನ್ನು ನಾಲ್ಕಾರು ಸಲ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಇದ್ದಬದ್ದ ಬಿ-1 ಸಹ ನೀರಿನೊಂದಿಗೆ ಹೋಯಿತು. ಮೊಟ್ಟೆ, ಮತ್ತಿ ಮೀನು, ಸೊಪ್ಪು ಆದಷ್ಟು ಇರಲಿ.

ಹೊತ್ತಿಗೆ ಸರಿಯಾಗಿ ಉಣ್ಣುವುದು ಅಷ್ಟೇ ಮುಖ್ಯ. ಹೊಟ್ಟೆ ಖಾಲಿಯಾದಾಗಿನ ನಡುಕವನ್ನು ಅವನು ಕುಡಿತದ ಬಯಕೆ ಎಂದೇ ತಿಳಿಯುತ್ತಾನೆ. ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಚೂರು ಬೆಲ್ಲ ಇದ್ದರೆ ಸಂಜೆಯ ಆ ಗಳಿಗೆ ದಾಟುವುದು ಸುಲಭ. ನಾವೇ ಕಿತ್ತ ಸೊಪ್ಪಿನ ಕಡು ಚಹಾ ಊಟದ ಜೊತೆ ಬೇಡ, ಊಟದಲ್ಲಿರುವ ಕಬ್ಬಿಣಾಂಶವನ್ನು ಅದು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ಕಳೆದು ಕುಡಿಯಲಿ.

ಬರೀ ಊಟದಿಂದ ಚಟ ಬಿಡುತ್ತದೆಂದು ನಾವು ಹೇಳುತ್ತಿಲ್ಲ. ಔಷಧಿ ಬೇಕು, ಜೊತೆಗಾರರು ಬೇಕು. ಆದರೆ ಮರುಭೂಮಿಯ ಗಿಡದಡಿ ಸಾವನ್ನು ಬೇಡಿ ಮಲಗಿದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಎರಡನೆಯ ಸಲ ಎಬ್ಬಿಸಿದಾಗಲೂ ಊಟವನ್ನೇ ಕೊಟ್ಟನು.

ಇದರಲ್ಲಿ ಒಂದು ಅನ್ಯಾಯ ನಡೆಯಬಾರದು. ಅವನ ತಟ್ಟೆಗೆ ಮೊಟ್ಟೆ ಬೀಳಲು ಹೆಂಡತಿಯ ತಟ್ಟೆ ಬರಿದಾಗಬಾರದು. ಅಷ್ಟು ವರ್ಷ ಅವನ ಜೊತೆ ಅವಳೂ ಮಕ್ಕಳೂ ಅರೆಹೊಟ್ಟೆಯಲ್ಲಿದ್ದವರೇ. ಕುಡಿತ ಬಿಟ್ಟ ಮನೆಗೆ ಮೊದಲ ಒಂದು ತಿಂಗಳು ರಾಗಿ, ಹುರುಳಿ, ಮೊಟ್ಟೆ ಕೊಡಲು ಕೂಟದ ಕಾಣಿಕೆಯಲ್ಲಿ ಒಂದು ಪಾಲು ತೆಗೆದಿಡಬೇಕೆಂದು ನಾವು ಕೇಳುತ್ತೇವೆ. ಅದನ್ನು ಅವಳ ಕೈಗೇ ಕೊಡಲಿ, ಮನೆಮಂದಿ ಎಲ್ಲರಿಗೂ ಸಾಲುವಷ್ಟು ಕೊಡಲಿ.